ಬೇಡಕ್ಕನ ಹದಿನೈದು ಮನೆಗಳು

ಬೆಳಗಿನ ಐದೂಕಾಲು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಒಳಗೆ, ಯಾವುದೋ ಶಾಲೆಯವರು ಹೊರಗೆ ಹಾಕಿದ ಡೆಸ್ಕನ್ನೇ ಕೆಲಸದ ಮೇಜು ಮಾಡಿಕೊಂಡ ನಲವತ್ತಾರರ ಹೆಂಗಸೊಬ್ಬರು ಕೂತಿದ್ದಾರೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಡಗಣ್ಣಿನಲ್ಲಿದೆ. ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬೂದು ಬಣ್ಣದ ಪ್ಲಾಸ್ಟಿಕ್ ತುಂಡು. ಹಳೆಯ ವಿಡಿಯೋ ಗೇಮಿನ ಮೆಮೊರಿ ಕಾರ್ಡ್ ಅದು. ಅದರ ಬಾಯಲ್ಲಿ ಸಾಲಾಗಿ ಲೋಹದ ಹಲ್ಲುಗಳಿವೆ, ಮೂರು ಹಲ್ಲಿಗೆ ಹಸಿರು ಕಿಲುಬು ಹಿಡಿದಿದೆ.

“ಬೆವರು” ಎನ್ನುತ್ತಾರೆ ಅವರು, ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದುತ್ತಾ. “ಹತ್ತೊಂಬತ್ತು ವರ್ಷ ಒಂದೇ ಕೈ ಇದನ್ನ ಹಾಕಿ ತೆಗ್ದಿದೆ. ಹಲ್ಲು ಉಜ್ಜಿಸ್ಕೊಳ್ದೇ ಇರೋ ಮಗು ಥರ ಆಗಿದೆ ನೋಡಿ.”

ಈ ಕಾರ್ಡಿನಲ್ಲಿ ಒಬ್ಬರ ಹತ್ತೊಂಬತ್ತು ವರ್ಷದ ಆಟವಿದೆ. ಸರಿಯಾಗಿ ಹೇಳಬೇಕೆಂದರೆ ನಿನ್ನೆ ಮಧ್ಯಾಹ್ನದವರೆಗೆ ಇತ್ತು. ಇನ್ನೂ ಉಳಿದಿದೆಯೋ ಅಳಿಸಿಹೋಗಿದೆಯೋ ಎನ್ನುವುದು ಏಳು ಗಂಟೆಯೊಳಗೆ ತೀರ್ಮಾನವಾಗಬೇಕು. ಏಳಕ್ಕೆ ಕೆಳಗಿನ ಅಂಗಡಿಯವರು ಸೈಕಲ್ಲಿಗೆ ಗಾಳಿ ತುಂಬುವ ಕಂಪ್ರೆಸರ್ ಚಾಲೂ ಮಾಡುತ್ತಾರೆ. ಅಲ್ಲಿಂದ ಸಂಜೆಯವರೆಗೆ ಅದು ಶುರುವಾದಾಗಲೆಲ್ಲ ಕಟ್ಟಡದ ದೀಪಗಳು ಕಣ್ಣು ಮಿಟುಕಿಸುತ್ತವೆ. ಅಷ್ಟಕ್ಕೇ ಇವರ ಲ್ಯಾಪ್‌ಟಾಪ್ ಆರಿ, ಓದುತ್ತಿದ್ದ ಕಾರ್ಡು ಅರ್ಧಕ್ಕೆ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಕಂಡವರ ಬ್ಯಾಟರಿಯನ್ನೆಲ್ಲ ಬದಲಿಸುವವರಿಗೆ ತಮ್ಮದನ್ನು ಬದಲಿಸಿಕೊಳ್ಳಲು ಪುರುಸೊತ್ತಾಗಿಲ್ಲ.

ಕಾರ್ಡಿನ ಒಡತಿ ಹಿಂದಿನ ಬೀದಿಯ ಟೈಲರಮ್ಮ. ವಯಸ್ಸು ಎಪ್ಪತ್ತೆರಡು, ಬಾಯಿ ಇಪ್ಪತ್ತೆರಡರದು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ವಿಡಿಯೋ ಗೇಮನ್ನು ಮೊದಲು ಧೂಳು ಕೂರಬಾರದೆಂದು ಬಟ್ಟೆ ಹೊದಿಸಿಟ್ಟಿದ್ದರು. ಒಂದು ದಿನ ಸುಮ್ಮನೆ ಹಚ್ಚಿ ನೋಡಿದರು. ಅಲ್ಲಿಂದ ಇಲ್ಲಿಯವರೆಗೆ, ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು, ಕಾಲು ಹೊಲಿಗೆ ಯಂತ್ರದಿಂದ ಇಳಿಯುತ್ತದೆ, ಕೈ ಆಟಕ್ಕೆ ಏರುತ್ತದೆ. ಒಂದು ಪುಟ್ಟ ದೋಣಿ, ಕೊನೆಯಿಲ್ಲದ ಕಡಲು, ಅದರಲ್ಲಿ ಅಡಗಿರುವ ನೂರಿಪ್ಪತ್ತು ದ್ವೀಪಗಳು. ಟೈಲರಮ್ಮ ನೂರಹತ್ತೊಂಬತ್ತನ್ನು ಹುಡುಕಿದ್ದಾರೆ. ಒಂದು ಬಾಕಿ.

ನಿನ್ನೆ ಆದದ್ದು ಇಷ್ಟು. ಕಿಲುಬು ಹೆಚ್ಚಾಗಿ ಯಂತ್ರಕ್ಕೆ ಕಾರ್ಡಿನ ಗುರುತೇ ಸಿಗಲಿಲ್ಲ. ಗುರುತು ಸಿಗದ ಕಾರ್ಡನ್ನು ಕಂಡರೆ ಆ ಕಾಲದ ಯಂತ್ರಗಳು ಹೊಸದೆಂದು ತಿಳಿದು, ‘ಇದನ್ನು ಒರೆಸಿ ಸಿದ್ಧ ಮಾಡಲೇ?’ ಎಂದು ಕೇಳುತ್ತವೆ. ಕೆಳಗೆ ಎರಡು ಪದಗಳು: ಮೇಲಿನದರ ಅರ್ಥ ಹೌದು, ಕೆಳಗಿನದರ ಅರ್ಥ ಬೇಡ. ಟೈಲರಮ್ಮನಿಗೆ ಆ ಭಾಷೆ ಬಾರದು. ಹತ್ತೊಂಬತ್ತು ವರ್ಷವೂ ಬರೀ ಚಿತ್ರ ನೋಡಿಕೊಂಡು ಆಡಿದವರು.

“ಮೇಲಿನದು ಒತ್ತಿದೆ ಕಣಮ್ಮ” ಎಂದು ನಿನ್ನೆ ಸಂಜೆ ಇದೇ ಮೆಟ್ಟಿಲ ಮೇಲೆ ಕೂತು ಅತ್ತಿದ್ದರಂತೆ. “ಅಂಗಿಗೆ ಗುಂಡಿ ಹಾಕೋದು ಮೇಲಿಂದ ತಾನೇ? ಮೇಲಿಂದು ಸರಿಯಾಗಿ ಹಾಕಿದ್ರೆ ಕೆಳಗಿಂದೆಲ್ಲ ಸರಿಹೋಗತ್ತೆ. ಹಂಗೇ ಅನ್ಕೊಂಡೆ.”

ಇಂಥ ಗುಂಡಿ ಒತ್ತಿದವರ ಕಥೆಗಳಿಂದಲೇ ನಮ್ಮ ರಿಪೇರಿಯವರಿಗೆ ಹೆಸರು ಬಂದಿರುವುದು. ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಫೋನಿನಲ್ಲಿ ಯಾರಾದರೂ, ‘ಅಕ್ಕಾ, ಅದೇನೋ ಕೇಳ್ತಾ ಇದೆ’ ಎಂದು ಬಾಯಿ ತೆರೆಯುವಷ್ಟರಲ್ಲಿ ಇವರು ಮೆಟ್ಟಿಲು ಅದುರುವಂತೆ ಕೂಗುತ್ತಾರೆ: “ಬೇಡ! ಬೇಡ ಒತ್ತಿ! ಬೇಡಾ!” ಕೆಳಗಿನ ಸೈಕಲ್ ಅಂಗಡಿಯವರು ಕೇಳಿ ಕೇಳಿ ಬೇಡಕ್ಕ ಎಂದು ಕರೆದರು. ಹೆಸರು ನಿಂತುಬಿಟ್ಟಿತು. ಯಜಮಾನರೂ ಈಗ ಹಾಗೇ ಕರೆಯುತ್ತಾರೆ. ಅವರು ಶಾಲಾ ಬಸ್ಸಿನ ಚಾಲಕರು.

“ಮದ್ವೆಗೆ ಮುಂಚೆ ಈ ಹೆಸರು ಗೊತ್ತಿದ್ದಿದ್ರೆ ಒಂದ್ಸಲ ಯೋಚ್ನೆ ಮಾಡ್ತಿದ್ದೆ” ಎಂದು ಅವರು ಟೀ ಲೋಟ ಇಡುತ್ತಾ ಹೇಳುತ್ತಾರೆ. ಬೇಡಕ್ಕ ತಲೆ ಎತ್ತುವುದಿಲ್ಲ. “ಟೀ ಆ ಕಡೆ. ಕಾರ್ಡಿನ ಹತ್ರ ನೀರು ತರ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?”

ಕಾರ್ಡಿನೊಳಗೆ ಏನಿದೆ ಎಂದು ಯಾರು ಕೇಳಿದರೂ ಬೇಡಕ್ಕ ಕಾಗದದ ಮೇಲೆ ಚೌಕ ಎಳೆದು ತೋರಿಸುತ್ತಾರೆ. ಪಗಡೆಯಾಟದಲ್ಲಿ ಇರುವ ಹಾಗೆ ಇಲ್ಲಿಯೂ ಮನೆಗಳು, ಒಟ್ಟು ಹದಿನೈದು. ಒಂದೊಂದು ಮನೆಯಲ್ಲಿ ಒಂದೊಂದು ಆಟ ಉಳಿದಿರುತ್ತದೆ. ಇವುಗಳ ಮುಂದೆ ಬಾಗಿಲ ಹತ್ತಿರ ಇನ್ನೊಂದು ಚಿಕ್ಕ ಜಾಗ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಅಲ್ಲಿರುತ್ತದೆ. ಹೌದು ಒತ್ತಿದಾಗ ಯಂತ್ರ ಒರೆಸುವುದು ಆ ಪಟ್ಟಿಯನ್ನು ಮಾತ್ರ.

“ಪೋಸ್ಟ್‌ಮ್ಯಾನ್ ಹತ್ರ ಇರೋ ವಿಳಾಸದ ಪುಸ್ತಕ ಕಳ್ದುಹೋದ್ರೆ ಬೀದಿಯವರೆಲ್ಲ ಸತ್ತುಹೋದ್ರು ಅಂತಲಾ?” ಎನ್ನುತ್ತಾರೆ. “ಮನೇಲಿ ಜನ ಇದ್ದೇ ಇರ್ತಾರೆ. ಬಾಗಿಲು ತಟ್ಟಿ ನೋಡ್ಬೇಕು ಅಷ್ಟೆ. ಆದ್ರೆ ಒಂದು ಷರತ್ತು. ಒರೆಸಿದ ಮೇಲೆ ಯಾರೂ ಹೊಸದಾಗಿ ಒಳಗೆ ಹೋಗಿರ್ಬಾರ್ದು.”

ಇಲ್ಲೇ ಇರುವುದು ಸಂಕಟ. ಟೈಲರಮ್ಮ ಒರೆಸಿದ ಮೇಲೂ ಸುಮ್ಮನೆ ಕೂರಲಿಲ್ಲ. ದೋಣಿ ಕಾಣಿಸಿತು, ಆಟ ಶುರುವಾಯಿತು, ಎಲ್ಲ ಸರಿಯಾಯಿತೆಂದು ಅರ್ಧ ಗಂಟೆ ಆಡಿದರು. ಅಭ್ಯಾಸಬಲದಿಂದ ಒಮ್ಮೆ ಸೇವ್ ಮಾಡಿದರು. ಆಮೇಲೆ ದ್ವೀಪಗಳ ಲೆಕ್ಕ ತೆಗೆದು ನೋಡಿದರೆ ಸೊನ್ನೆ. ಹೊಸದಾಗಿ ಉಳಿಸಿದ್ದು ಯಾವಾಗಲೂ ಮೊದಲನೆಯ ಖಾಲಿ ಮನೆಗೆ ಹೋಗುತ್ತದೆ. ಪಟ್ಟಿ ಅಳಿಸಿದ್ದರಿಂದ ಯಂತ್ರಕ್ಕೆ ಒಂದನೇ ಮನೆಯೇ ಖಾಲಿ. ನೂರಹತ್ತೊಂಬತ್ತು ದ್ವೀಪಗಳು ಒಂದನೇ ಮನೆಯಲ್ಲಿದ್ದಿದ್ದರೆ ಕಥೆ ಮುಗಿಯಿತು. ಬೇರೆ ಮನೆಯಲ್ಲಿದ್ದಿದ್ದರೆ ಜೀವ ಇದೆ. ಎಲ್ಲಿದ್ದವೆಂದು ಟೈಲರಮ್ಮನಿಗೆ ಗೊತ್ತಿಲ್ಲ. ಮಗಳಿಗೆ ಫೋನ್ ಮಾಡಿದರೆ, “ಅಮ್ಮಾ, ನಾನು ಮೊನ್ನೆ ಕನ್ನಡಕ ಎಲ್ಲಿಟ್ಟೆ ಅನ್ನೋದೇ ನೆನಪಿಲ್ಲ” ಎಂದಳಂತೆ.

ಬೇಡಕ್ಕ ಈ ಕೆಲಸಕ್ಕೆ ಬಂದದ್ದೇ ಒಂದು ದೊಡ್ಡ ತಪ್ಪಿನಿಂದ. ಹನ್ನೊಂದು ವರ್ಷ ಅವರು ಒಂದು ವಾಚ್ ಅಂಗಡಿಯಲ್ಲಿ ಸೆಲ್ ಬದಲಿಸುತ್ತಿದ್ದರು. ದಿನಕ್ಕೆ ನಲವತ್ತು ವಾಚು, ಬೆನ್ನು ತೆಗೆ, ಸೆಲ್ ಹಾಕು, ಮುಚ್ಚು. ಒಂದು ದಿನ ನರ್ಸೊಬ್ಬರು ಹಳೆಯ ಗೇಮ್ ಕ್ಯಾಸೆಟ್ ತಂದರು. ಈ ಮೆಮೊರಿ ಕಾರ್ಡಿಗೂ ಮುಂಚಿನ ಕಾಲದ ಆ ದಪ್ಪ ಕ್ಯಾಸೆಟ್ಟುಗಳಿಗೆ ಬೇರೆ ಕಾರ್ಡೆಂಬುದಿಲ್ಲ. ಒಳಗೇ ಒಂದು ಬಿಲ್ಲೆ ಸೆಲ್ ಇರುತ್ತದೆ, ಉಳಿಸಿದ ಆಟವನ್ನು ಅದೇ ಹಗಲೂ ರಾತ್ರಿ ಹಿಡಿದುಕೊಂಡಿರುತ್ತದೆ. ಸೆಲ್ ಮುಗಿಯುತ್ತಾ ಬಂದಿದೆ, ಬದಲಿಸಿಕೊಡಿ ಎಂದರು ನರ್ಸು. ಬೇಡಕ್ಕನಿಗೆ ಅದೂ ಒಂದು ವಾಚೇ. ಹಳೇ ಸೆಲ್ ಕಿತ್ತರು, ಹೊಸದು ಹಾಕಿದರು, ಮುಗುಳ್ನಕ್ಕು ಕೈಗೆ ಕೊಟ್ಟು ಹೇಳಿದರು: “ಮನೆಗ್ ಹೋಗಿ ಟೈಮ್ ಒಂದು ಸೆಟ್ ಮಾಡ್ಕೊಳ್ಳಿ.”

“ಮಾರನೇ ದಿನ ಬಂದ್ರು” ಎಂದು ಬೇಡಕ್ಕ ಹೇಳುವಾಗ ಹತ್ತಿಕಡ್ಡಿ ನಿಲ್ಲುತ್ತದೆ. “ಬೈಲಿಲ್ಲ. ಎರಡು ವರ್ಷದ ಆಟ ಹೋಯ್ತು ಅಂದ್ರು, ಅಷ್ಟೆ. ಬೈದಿದ್ರೆ ನಾನೂ ಎರಡು ಮಾತಾಡಿ ಮರ್ತ್ಬಿಡ್ತಿದ್ದೆ. ಬೈಲಿಲ್ವಲ್ಲ, ಅದೇ ಇಷ್ಟು ವರ್ಷ ಕೆಲ್ಸ ಮಾಡಿಸ್ತಾ ಇದೆ.”

ಹಳೇ ಸೆಲ್ ಕೀಳುವ ಮುಂಚೆಯೇ ಪಕ್ಕದಲ್ಲಿ ಇನ್ನೊಂದು ಸೆಲ್ಲನ್ನು ತಂತಿಯಿಂದ ಜೋಡಿಸಿ, ಆಟ ಒಂದು ಕ್ಷಣವೂ ಕೈಬಿಟ್ಟುಹೋಗದಂತೆ ಹಿಡಿದುಕೊಳ್ಳಬೇಕು ಎನ್ನುವುದನ್ನು ಅವರು ತಾವೇ ಕಂಡುಕೊಂಡರು. ಕಲಿಯಲು ಸತ್ತ ಕ್ಯಾಸೆಟ್ಟುಗಳನ್ನು ಗುಜರಿಯಿಂದ ಆರಿಸಿ ತಂದರು. ಎಡಗೈ ಹೆಬ್ಬೆರಳಿನಲ್ಲಿ ಆ ದಿನಗಳಲ್ಲಿ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಲೆಗಳು ಏಳು. ಆಮೇಲೆ ಜನ ಸಮಯ ನೋಡಲು ಮೊಬೈಲ್ ತೆಗೆಯತೊಡಗಿದರು, ವಾಚ್ ಅಂಗಡಿ ಬಾಗಿಲು ಹಾಕಿತು. ರೇಡಿಯೋ, ಟಿ.ವಿ. ರಿಪೇರಿಯವರ ಸಾಲಿನಲ್ಲಿ ಒಂದು ಮೂಲೆ ಕೇಳಲು ಹೋದರೆ, ಆಟದ ಸಾಮಾನಿನ ಡಾಕ್ಟರಮ್ಮ ಬಂದರು ಎಂದು ನಕ್ಕು ಕಳಿಸಿದರು. ಈಗ ಅದೇ ಸಾಲಿನವರು ತಮ್ಮ ಕೈಲಾಗದ ಕಾರ್ಡುಗಳನ್ನು ಕವರಿಗೆ ಹಾಕಿ ಈ ಮಹಡಿಗೆ ಕಳಿಸುತ್ತಾರೆ. ಬೇಡಕ್ಕ ಅವರ ಮೇಲೆ ಹಲ್ಲು ಮಸೆಯುವುದಿಲ್ಲ. ಆದರೆ ಕವರಿನ ಮೇಲೆ ‘ಡಾಕ್ಟರಮ್ಮನಿಗೆ’ ಎಂದು ಬರೆದು ಕಳಿಸಿ ಎಂದು ಕಟ್ಟಪ್ಪಣೆ ಮಾಡಿದ್ದಾರೆ. ಅವರೂ ಬರೆಯುತ್ತಾರೆ.

ದಿನಕ್ಕೆ ಎಂಟೋ ಒಂಬತ್ತೋ ಬರುತ್ತವೆ, ಕಾರ್ಡು ಕ್ಯಾಸೆಟ್ಟು ಸೇರಿ. ಒಂದು ಕಾರ್ಡೆಂದರೆ ಸಾವಿರದ ಇಪ್ಪತ್ತನಾಲ್ಕು ಸಾಲುಗಳ ಬರಹ. ಬಾಗಿಲಲ್ಲಿ ಅರವತ್ತನಾಲ್ಕು, ಮನೆಗೆ ಅರವತ್ತನಾಲ್ಕರಂತೆ ಹದಿನೈದು ಮನೆ. ಪ್ರತಿ ಸಾಲನ್ನೂ ಎರಡು ಸಲ ಓದಿ, ಎರಡೂ ಒಂದೇ ಎಂದು ಕಂಡರೆ ಮಾತ್ರ ನಂಬುತ್ತಾರೆ. ಮೂಲ ಕಾರ್ಡಿನ ಮೇಲೆ ಒಂದಕ್ಷರವನ್ನೂ ಬರೆಯುವುದಿಲ್ಲ. ಓದುವ ಸಲಕರಣೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕೆಟ್ಟ ಯಂತ್ರದಿಂದ ಕಾರ್ಡು ತೂರಿಸುವ ಬಾಯಿಯನ್ನು ಕಿತ್ತು, ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಕೂರಿಸಿ, ಅವರೇ ಮಾಡಿಕೊಂಡದ್ದು. ಆ ಡಬ್ಬಿಯ ತಳಭಾಗದಲ್ಲಿ ಯಜಮಾನರು ಈಗಲೂ ಊಟ ಒಯ್ಯುತ್ತಾರೆ, ತಟ್ಟೆ ಮುಚ್ಚಿ.

ಆರು ಗಂಟೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಟೈಲರಮ್ಮ ಬಂದರು, ಕೊರಳಲ್ಲಿ ಅಳತೆ ಟೇಪು ಹಾಗೇ ಇದೆ. ಒಳಗೆ ಬರಲು ಒಲ್ಲೆ ಎಂದು ಹೊಸ್ತಿಲ ಆಚೆಯೇ ಸ್ಟೂಲು ಹಾಕಿಸಿಕೊಂಡು ಕೂತರು. ಕೆಟ್ಟ ಸುದ್ದಿಯಾದರೆ ಎದ್ದು ಹೋಗಲು ಸುಲಭವಂತೆ.

“ಮಗಳೇ, ಒಂದ್ ಮಾತು” ಎಂದರು. “ಐವತ್ತು ವರ್ಷ ಹೊಲ್ದೆ. ಹೊಲಿದಿದ್ದೆಲ್ಲ ಜನ ತೊಟ್ಕೊಂಡು ಹೋದ್ರು. ಹೋಗ್ಲಿ, ಅದಕ್ಕೇ ಅಲ್ವಾ ಹೊಲಿಯೋದು. ಆದ್ರೆ ನಾನು ಮಾಡಿ ನನ್ನ ಹತ್ರಾನೇ ಉಳ್ಕೊಂಡಿದ್ದು ಅಂತ ಇದ್ರೆ ಆ ದ್ವೀಪಗಳೇ. ಹೋಗಿದ್ರೆ ಹೋಗಿದೆ ಅಂತ ನೇರವಾಗಿ ಹೇಳ್ಬಿಡು. ಸುತ್ತಿ ಬಳಸಿ ಹೇಳ್ಬೇಡ.”

“ಆಯ್ತಮ್ಮ. ಈಗ ಮಾತಾಡ್ಬೇಡಿ.”

ಕಾರ್ಡು ಟಿಫಿನ್ ಮುಚ್ಚಳದ ಬಾಯಿಗೆ ಕೂತಿತು. ತೆರೆಯ ಮೇಲೆ ಅಂಕಿಗಳು ಓಡತೊಡಗಿದವು. ಹತ್ತು, ಇಪ್ಪತ್ತು, ಅರವತ್ತನಾಲ್ಕು. ಬಾಗಿಲು ದಾಟಿತು. ಪಟ್ಟಿಯಲ್ಲಿ ಒಂದೇ ಹೆಸರು, ನಿನ್ನೆಯದು. ನೂರ ಇಪ್ಪತ್ತೆಂಟು, ಒಂದನೇ ಮನೆ ಮುಗಿಯಿತು. ನೋಡುವವರಿಗೆ ಬರೀ ಅಂಕಿ. ಆದರೆ ಯಜಮಾನರು ಬಸ್ಸಿಗೆ ಹೊರಡಬೇಕಾದವರು ಒಂದು ಕಾಲಿಗೆ ಬೂಟು ಹಾಕಿಕೊಂಡು ಹಾಗೇ ನಿಂತಿದ್ದಾರೆ. ಇನ್ನೂರು. ಇನ್ನೂರೈವತ್ತು. ಮುನ್ನೂರು. ಮುನ್ನೂರ ಒಂದು.

ಮುನ್ನೂರ ಒಂದಕ್ಕೆ ನಿಂತಿತು. ಮತ್ತೆ ಓದಿಸಿದರು, ಮತ್ತೆ ಅಲ್ಲೇ ನಿಂತಿತು.

“ನಾಲ್ಕನೇ ಮನೆ” ಎಂದು ಬೇಡಕ್ಕ ತಮಗೆ ತಾವೇ ಹೇಳಿಕೊಂಡರು. ಕಾರ್ಡು ತೆಗೆದು, ಪೆನ್ಸಿಲ್ಲಿನ ತುದಿಯ ರಬ್ಬರಿನಿಂದ ಎರಡನೆಯ ಹಲ್ಲನ್ನು ಮೆಲ್ಲಗೆ ಉಜ್ಜಿದರು. ಊದಲಿಲ್ಲ. ಊದುವುದು ಇಡೀ ಜಗತ್ತಿನ ಆಟಗಾರರ ಅಭ್ಯಾಸ, ಬೇಡಕ್ಕನ ಪ್ರಕಾರ ಅದಕ್ಕಿಂತ ದೊಡ್ಡ ಪಾಪವಿಲ್ಲ, ಬಾಯಿಯ ತೇವವೇ ನಾಳಿನ ಕಿಲುಬು. ಭೂತಗನ್ನಡಿ ಹತ್ತಿರ ತಂದು ನೋಡಿದರು. ಹಲ್ಲಿನ ಬುಡದಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರಿದಿದೆ. ಅಲುಗಿದರೆ ತಪ್ಪುತ್ತದೆ, ಒತ್ತಿ ಹಿಡಿದರೆ ಸೇರುತ್ತದೆ.

ಕಾದ ಬೆಸುಗೆ ಕಡ್ಡಿ ಮುಟ್ಟಿಸಬಹುದಿತ್ತು. ಬೇಡಕ್ಕ ಮುಟ್ಟಿಸಲಿಲ್ಲ. ಓದುವ ಮುಂಚೆ ಕಾರ್ಡಿಗೆ ಬಿಸಿ ತೋರಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಕಾರ್ಡನ್ನು ಮತ್ತೆ ಬಾಯಿಗಿಟ್ಟು, ಸುಟ್ಟ ಕಲೆಗಳ ಅದೇ ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಒತ್ತಿ ಹಿಡಿದರು. ಓಟ ಮೊದಲಿಂದ ಶುರು.

ಆರೂಮುಕ್ಕಾಲು. ಕೆಳಗೆ ಶಟರ್ ಎತ್ತಿದ ಸದ್ದು. ಸೈಕಲ್ ಅಂಗಡಿಯವರು ಇವತ್ತೇ ಬೇಗ ಬರಬೇಕೆ! ಬೇಡಕ್ಕ ಕಣ್ಣು ತೆರೆಯಿಂದ ಕೀಳದೆ ಪಿಸುಗುಟ್ಟಿದರು: “ರೀ, ಗಾಳಿ!” ಯಜಮಾನರು ಒಂದೇ ಬೂಟಿನಲ್ಲಿ ಮೆಟ್ಟಿಲು ಧಡಧಡ ಇಳಿದರು. ಕೆಳಗಿನಿಂದ ಮಾತು ಕೇಳಿಸುತ್ತದೆ.

“ಕಂಪ್ರೆಸರ್ ಹಾಕ್ಬೇಡ ಮಾರಾಯ, ಹತ್ತು ನಿಮಿಷ!”

“ಗಿರಾಕಿ ನಿಂತಿದಾರೆ, ಚಕ್ರ ಪಂಕ್ಚರ್ರು!”

“ಕೈಪಂಪು ಕೊಡು, ನಾನೇ ಹೊಡೀತೀನಿ!”

ಮೇಲೆ ಅಂಕಿ ಓಡುತ್ತಿದೆ, ಕೆಳಗೆ ಬಸ್ ಚಾಲಕರು ಏದುಸಿರು ಬಿಡುತ್ತಾ ಗಾಳಿ ಹೊಡೆಯುತ್ತಿದ್ದಾರೆ. ಇನ್ನೂರ ತೊಂಬತ್ತೊಂಬತ್ತು. ಮುನ್ನೂರು. ಟೈಲರಮ್ಮ ಹೊಸ್ತಿಲಾಚೆ ಟೇಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾರೆ. ಮುನ್ನೂರ ಒಂದು. ಮುನ್ನೂರ ಎರಡು! ದಾಟಿತು. ಬೇಡಕ್ಕ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಹತ್ತಿ ಹಾರಿತು. ಐನೂರು, ಏಳುನೂರು, ಸಾವಿರ, ಸಾವಿರದ ಇಪ್ಪತ್ತನಾಲ್ಕು. ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ. ಎರಡೂ ಓದು ಒಂದೇ. ಹೆಬ್ಬೆರಳು ಬಿಡಿಸಿಕೊಳ್ಳಲು ಇನ್ನೊಂದು ಕೈ ಬೇಕಾಯಿತು, ಅಷ್ಟು ಜೋಮು ಹಿಡಿದಿತ್ತು.

ಇನ್ನು ಬಾಗಿಲು ತಟ್ಟುವ ಕೆಲಸ. ಪಟ್ಟಿ ಅಳಿಸಿದ್ದರೂ ಪ್ರತಿ ಆಟ ತನ್ನ ಮನೆಯೊಳಗೆ ಒಂದು ಪುಟ್ಟ ಚಿತ್ರ ಇಟ್ಟುಕೊಂಡಿರುತ್ತದೆ. ಅಡ್ಡಕ್ಕೆ ಹದಿನಾರು ಚುಕ್ಕಿ, ಉದ್ದಕ್ಕೆ ಹದಿನಾರು ಚುಕ್ಕಿ. ಒಂದನೇ ಮನೆ: ದೋಣಿ. ನಿನ್ನೆಯ ಸೊನ್ನೆಯದು. ಎರಡನೇ ಮನೆ: ಚಕ್ರದ ಬೂಟು, ಮಗಳ ಕಾಲದ ಯಾವುದೋ ಓಟದಾಟ. ಮೂರನೇ ಮನೆ: ಮತ್ತದೇ ಬೂಟು. ಟೈಲರಮ್ಮ ಗೊತ್ತಿಲ್ಲದೆಯೇ ಎದ್ದು ಹೊಸ್ತಿಲು ದಾಟಿ ಬೇಡಕ್ಕನ ಬೆನ್ನ ಹಿಂದೆ ನಿಂತಿದ್ದಾರೆ.

ನಾಲ್ಕನೇ ಮನೆ. ತೆರೆಯ ಮೇಲೆ ಬಿಳಿ ಹಾಯಿಯ ಪುಟ್ಟ ದೋಣಿ.

“ಅಮ್ಮಾ!” ಎಂದು ಬೇಡಕ್ಕ ಕಿರುಚಿಯೇಬಿಟ್ಟರು. “ಇದ್ದಾರೆ! ಮನೇಲೇ ಇದ್ದಾರೆ!”

ಮುಂದಿನದು ಹತ್ತು ನಿಮಿಷದ ಕೆಲಸ. ತಮ್ಮ ಕೈಯಾರೆ ಸರಿಮಾಡಿದ ಬೇರೊಂದು ಕಾರ್ಡಿಗೆ ನಾಲ್ಕನೇ ಮನೆಯನ್ನು ಸಾಲು ಸಾಲಾಗಿ ಇಳಿಸಿ, ಪಟ್ಟಿಯಲ್ಲಿ ಹೆಸರು ಬರೆದರು. ಮೂಲೆಯ ಹಳೆಯ ಟಿ.ವಿ.ಗೆ ಯಂತ್ರ ಜೋಡಿಸಿ, ಆಡುವ ಗುಂಡಿಗಳಿರುವ ಹಿಡಿಯನ್ನು ಟೈಲರಮ್ಮನ ಕೈಗೆ ಕೊಟ್ಟರು. ಕಡಲು ಬಂತು. ದೋಣಿ ಬಂತು. ದ್ವೀಪಗಳ ಲೆಕ್ಕ ತೆಗೆದರೆ ನೂರಹತ್ತೊಂಬತ್ತು. ಟೈಲರಮ್ಮ ದೋಣಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದರು. ಕಣ್ಣಲ್ಲಿ ನೀರು ಧಾರಾಕಾರ.

“ಏನೂ ಆಗೇ ಇಲ್ವಲ್ಲೇ! ಎಲ್ಲಿ ಬಿಟ್ಟಿದ್ನೋ ಅಲ್ಲೇ ನಿಂತಿದೆ!”

ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಡಕ್ಕನಿಗೆ ಬೇಕಿಲ್ಲ. “ಟೈಲರ್ ಹೊಲಿದ್ರೆ ಹೊಸ ಅಂಗಿ ಕಾಣತ್ತೆ. ಬಡಗಿ ಮಾಡಿದ್ರೆ ಕುರ್ಚಿ ಕಾಣತ್ತೆ” ಎನ್ನುತ್ತಾರೆ ಅವರು, ಟೈಲರಮ್ಮ ಮೆಟ್ಟಿಲಿಳಿದು ಹೋದ ಮೇಲೆ, ಆರಿದ ಟೀ ಕುಡಿಯುತ್ತಾ. “ನನ್ನ ಕೆಲ್ಸ ಚೆನ್ನಾಗಿ ಆಯ್ತು ಅಂದ್ರೆ ಏನೂ ಕಾಣಲ್ಲ. ಕಾಣಿಸ್ತು ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತ.” ಹೇಳುವಾಗ ಸಂತೋಷ ತಡೆಯಲಾರದೆ ಮೇಜಿಗೆ ಒಂದು ಗುದ್ದು ಗುದ್ದುತ್ತಾರೆ. ಕೆಳಗೆ ಕಂಪ್ರೆಸರ್ ಗುಡುಗುತ್ತದೆ, ದೀಪ ಮಿಟುಕಿಸುತ್ತದೆ, ಲ್ಯಾಪ್‌ಟಾಪ್ ಆರಿಹೋಗುತ್ತದೆ. ಯಾರಿಗೂ ಚಿಂತೆಯಿಲ್ಲ.

ಬೇಡಕ್ಕ ಸ್ವತಃ ಆಡುವುದಿಲ್ಲ. ಸಾವಿರಾರು ಜನರ ಆಟ ಉಳಿಸಿದವರಿಗೆ ಒಂದು ಆಟದ ಕೊನೆಯನ್ನೂ ನೋಡಿ ಗೊತ್ತಿಲ್ಲ. ಯಾಕೆಂದು ಕೇಳಿದರೆ, ಪುಕ್ಕಲು ಎನ್ನುತ್ತಾರೆ. ಎರಡು ಹೆಜ್ಜೆಗೊಮ್ಮೆ ಸೇವ್ ಮಾಡುತ್ತಾ ಕೂತರೆ ಆಟ ಮುಂದೆ ಹೋಗುವುದಾದರೂ ಹೇಗೆ? ಆದರೆ ಗಿರಾಕಿಗಳು ಮುಗಿಸಿದ ಸುದ್ದಿ ಕೇಳುವುದೆಂದರೆ ಪ್ರಾಣ. ಯಾವ ರಾಕ್ಷಸ ಸತ್ತ, ಯಾರು ಕಪ್ ಗೆದ್ದರು, ಎಲ್ಲ ಹೇಳಿಸಿಕೊಳ್ಳುತ್ತಾರೆ.

ಹನ್ನೊಂದು ದಿನಗಳ ನಂತರದ ಮಧ್ಯಾಹ್ನ. ಮೇಜಿನ ಮೇಲೆ ಕ್ಯಾಸೆಟ್ಟೊಂದು ಬೆನ್ನು ಬಿಚ್ಚಿ ಮಲಗಿದೆ, ಬಾಗಿಲಲ್ಲಿ ಇಬ್ಬರು ಕಾಯುತ್ತಿದ್ದಾರೆ. ಫೋನು ಹೊಡೆದುಕೊಂಡಿತು. ಎತ್ತಿ ಕಿವಿಗಿಡುವ ಮುಂಚೆಯೇ ಟೈಲರಮ್ಮನ ಕೂಗು ಕೋಣೆ ತುಂಬ ಕೇಳಿಸಿತು.

“ಸಿಕ್ತು ಕಣೇ! ನೂರಿಪ್ಪತ್ತು! ಸಿಕ್ಬಿಡ್ತು! ಎಲ್ಲಿತ್ತು ಗೊತ್ತಾ, ನಾನು ದಿನಾ ದಾಟಿ ಹೋಗ್ತಿದ್ದ...”

“ಅಮ್ಮಾ, ತಾಳಿ! ಸೇವ್ ಮಾಡಿದ್ರಾ?”

ಕೇಳುತ್ತಲೇ ಬೇಡಕ್ಕ ಎದ್ದು ನಿಂತರು. ಕಾಯುತ್ತಿದ್ದ ಇಬ್ಬರೂ ಏನೆಂದು ತಿಳಿಯದೆಯೇ ಉಸಿರು ಬಿಗಿಹಿಡಿದರು.

“ಅಯ್ಯೋ, ಖುಷೀಲಿ ಮರ್ತೆ. ಮಾಡ್ತೀನಿ. ಇಡ್ಬೇಡ, ಲೈನಲ್ಲೇ ಇರು.”

ಗುಂಡಿ ಒತ್ತಿದ ಸದ್ದು. ಮತ್ತೊಂದು. ಆಮೇಲೆ ಬಹಳ ದೂರದಿಂದೆಂಬಂತೆ, ಆಟ ಉಳಿಯಿತೆಂದು ಯಂತ್ರ ಹೇಳುವ ಆ ಎರಡು ಸಣ್ಣ ಸ್ವರಗಳು ಕೇಳಿಸಿದವು. ಬೇಡಕ್ಕ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು, ಕಾಯುತ್ತಿದ್ದವರಿಗೆ ಕೂತುಕೊಳ್ಳಲು ಸನ್ನೆ ಮಾಡಿದರು, ತಾವೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂತರು.

“ಹ್ಞಾಂ, ಈಗ ಹೇಳಿ. ಎಲ್ಲಿತ್ತು?”